ಕರಗದ ಸುಣ್ಣ, ಕರಗಬಾರದ ಅಲ್ಯೂಮಿನಿಯಂ

ಸುಣ್ಣದ ಡಬ್ಬಿಗೆ ಎಷ್ಟು ನೀರು ಹೊಯ್ದರೂ ಸುಣ್ಣ ತಳದಲ್ಲೇ ಕೂತಿರುತ್ತದೆ. ಉಪ್ಪು ಹಾಗಲ್ಲ. ಒಂದು ಲೀಟರ್ ನೀರಲ್ಲಿ 350 ಗ್ರಾಂ ಉಪ್ಪು ಕರಗುತ್ತದೆ, ಸುಣ್ಣ 2 ಗ್ರಾಂ ಕೂಡ ಕರಗದು. ಕುದಿಯುವ ನೀರಲ್ಲಂತೂ ಅದರ ಅರ್ಧಕ್ಕಿಂತ ಕಮ್ಮಿ.

ಇದು ಎಲೆ-ಅಡಿಕೆ ಹಾಕುವವರ ಸಂಗತಿ, ಬೇಸಾಯಕ್ಕೆ ಏನು ಸಂಬಂಧ ಅಂತ ನಾನೂ ತಿಳಿದಿದ್ದೆ. ಎರಡು ವರ್ಷ ಶೇಂಗಾ ಜೊಳ್ಳಾದ ಮೇಲೆ ಸಂಬಂಧ ಗೊತ್ತಾಯಿತು.

ನನ್ನದು ಅಂಕೋಲಾ ಕಡೆಯ ಮಕ್ಕಿ ಗದ್ದೆ. ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಶೇಂಗಾ. ಗಿಡ ಕಿತ್ತು ನೋಡಿದರೆ ಬೇರು ಮೊಂಡು, ತುದಿ ಸುಟ್ಟ ಹಾಗೆ. ಕಾಯಿ ಒಡೆದರೆ ಒಳಗೆ ಬೀಜವೇ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿದೆ. ರಸಸಾರ 4.8, ಅಂದ್ರೆ ಹುಳಿ ಮಣ್ಣು. ಸುಣ್ಣ ಹಾಕಿ ಅಂದರು.

ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮಾಸ್ತರರ ಹತ್ರ ಕೇಳಿದೆ. “ಮಾಸ್ತರ್ರೇ, ನೀರಲ್ಲಿ ಕರಗದ ಸುಣ್ಣ ಮಣ್ಣಿಗೆ ಹಾಕಿ ಏನು ಉಪಯೋಗ?”

“ನಿಮ್ಮ ಗದ್ದೆಯಲ್ಲಿ ಕರಗಬಾರದ್ದು ಕರಗಿದೆ. ಅದನ್ನು ಕೂರಿಸಲಿಕ್ಕೇ ಸುಣ್ಣ” ಅಂದರು. ಏಳನೇ ಇಯತ್ತೆ ಕಲಿತ ನನಗೆ ಅವರು ತಿಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಗ್ಗ ಜಗ್ಗಾಟ

ಬಳಚಿನ ಚಿಪ್ಪು ಸುಟ್ಟು ನೀರು ಹಾಕಿದರೆ ಆಗುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಲೋಹಕ್ಕೆ ಧನ ಚಾರ್ಜು, ಹೈಡ್ರಾಕ್ಸೈಡಿಗೆ ಋಣ ಚಾರ್ಜು. ಎರಡೂ ಒಂದನ್ನೊಂದು ಹಿಡಿದಿರುತ್ತವೆ. ನೀರು ಅವನ್ನು ಬಿಡಿಸಲು ಎಳೆಯುತ್ತದೆ. ನೀರು ಗೆದ್ದರೆ ಕರಗಿತು, ಸೋತರೆ ತಳಕ್ಕೆ ಕೂತಿತು.

ಸೋಡಿಯಂಗೆ ಒಂದೇ ಚಾರ್ಜು, ಹಿಡಿತ ಸಡಿಲ. ಅದಕ್ಕೇ ಕಾಸ್ಟಿಕ್ ಸೋಡಾ ಲೀಟರ್ ನೀರಲ್ಲಿ ಒಂದು ಕಿಲೋ ಕರಗುತ್ತದೆ. ಕ್ಯಾಲ್ಸಿಯಂಗೆ ಎರಡು ಚಾರ್ಜು, ಕರಗುವುದು ಸ್ವಲ್ಪ. ಮ್ಯಾಗ್ನೀಷಿಯಂಗೂ ಎರಡೇ, ಆದರೆ ಅದರ ಗಾತ್ರ ಸಣ್ಣದು. ಹತ್ತಿರ ಬಂದು ಬಿಗಿಯಾಗಿ ಹಿಡಿಯುತ್ತದೆ, ಇನ್ನೂ ಕಮ್ಮಿ ಕರಗುತ್ತದೆ. ಹೊಟ್ಟೆ ಹುಳಿಗೆ ಕೊಡುವ ‘ಮಿಲ್ಕ್ ಆಫ್ ಮ್ಯಾಗ್ನೀಷಿಯಾ’ ಬಾಟ್ಲಿ ಕುಲುಕಿ ಕುಡಿಯಬೇಕಾದ್ದು ಇದಕ್ಕೇ. ಅಲ್ಯೂಮಿನಿಯಂ, ತುಕ್ಕಿನ ಕಬ್ಬಿಣಕ್ಕೆ ಮೂರು ಚಾರ್ಜು, ಗಾತ್ರವೂ ಸಣ್ಣದು. ಇಲ್ಲಿ ಬರೀ ಎಳೆತವಲ್ಲ, ಎಲೆಕ್ಟ್ರಾನುಗಳನ್ನೂ ಹಂಚಿಕೊಳ್ಳುತ್ತವೆ. ಬರಿ ನೀರಿಗೆ ಇವು ಬಗ್ಗುವುದೇ ಇಲ್ಲ.

ತಾಮ್ರಕ್ಕೆ ಎರಡೇ ಚಾರ್ಜು ಇದ್ದರೂ ಅದರ ಹಿಡಿತವೂ ಈ ಜಾತಿಯದ್ದೇ. ಅಚವೆ ಕಡೆಯ ಅಡಿಕೆ ತೋಟದವರಿಗೆ ಇದು ಗೊತ್ತು. ಮೈಲುತುತ್ತ ನೀರಲ್ಲಿ ಕರಗುತ್ತದೆ. ಅದಕ್ಕೆ ಸುಣ್ಣದ ತಿಳಿ ಸೇರಿದರೆ ಕರಗದ ನೀಲಿ ಬೋರ್ಡೋ. ಕರಗದ್ದರಿಂದಲೇ ಮಳೆಯಲ್ಲೂ ಗೊನೆಗೆ ಅಂಟಿ ನಿಂತು ಕೊಳೆರೋಗ ತಡೆಯುತ್ತದೆ. ಸುಣ್ಣ ಕಮ್ಮಿಯಾದರೆ ಕರಗಿದ ತಾಮ್ರ ಉಳಿದು ಸುಡುತ್ತದೆ. ಚಾಕು ಅದ್ದಿ ನೋಡುವುದು ಅದಕ್ಕೇ. ಚಾಕುವಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು.

ಬಾವಿಯಲ್ಲಿ, ಚಿರೆಕಲ್ಲಿನಲ್ಲಿ

ಕೆಲವು ಬಾವಿಗಳ ನೀರು ಸೇದುವಾಗ ತಿಳಿ, ಕೊಡದಲ್ಲಿ ರಾತ್ರಿ ಇಟ್ಟರೆ ಕಾವಿ ಬಣ್ಣದ ಗಸಿ. ನೆಲದೊಳಗೆ ಗಾಳಿಯಿಲ್ಲದಲ್ಲಿ ಕಬ್ಬಿಣಕ್ಕೆ ಎರಡು ಚಾರ್ಜು, ಕರಗಿರುತ್ತದೆ. ಮೇಲೆ ಬಂದು ಗಾಳಿ ತಾಗಿದರೆ ಮೂರಾಗುತ್ತದೆ, ಹೈಡ್ರಾಕ್ಸೈಡಾಗಿ ತಳಕ್ಕೆ ಬೀಳುತ್ತದೆ. ಲೋಹ ಅದೇ, ಚಾರ್ಜು ಒಂದು ಹೆಚ್ಚಾದದ್ದಷ್ಟೇ.

ನಮ್ಮ ಚಿರೆಕಲ್ಲೂ ಇದೇ ಕತೆ. ಕಾರವಾರ, ಅಂಕೋಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಲಕ್ಷಾಂತರ ವರ್ಷದ ಮಳೆ ಕಲ್ಲಿನಿಂದ ಸೋಡಿಯಂ, ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಎಲ್ಲ ತೊಳೆದು ಸಮುದ್ರಕ್ಕೆ ಒಯ್ದಿತು. ಕರಗದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. 1801ರಲ್ಲಿ ನಮ್ಮ ಕರಾವಳಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನು ಹಾಗೆ ಕರೆದದ್ದು ಮಲಬಾರಿನ ಕಲ್ಲನ್ನು ನೋಡಿ.

ಹುಳಿ ಬಂದರೆ ಆಟ ಬದಲು

ನೀರಿಗೆ ಬಗ್ಗದ್ದು ಹುಳಿಗೆ ಬಗ್ಗುತ್ತದೆ. ಹುಳಿ ಹೈಡ್ರಾಕ್ಸೈಡನ್ನೇ ಕಿತ್ತು ನೀರು ಮಾಡಿಬಿಡುತ್ತದೆ. ಆಗ ಲೋಹ ಒಂಟಿಯಾಗಿ ಕರಗುತ್ತದೆ. ಮಣ್ಣಿನ ರಸಸಾರ ಐದೂವರೆಗಿಂತ ಇಳಿದರೆ ಅಲ್ಯೂಮಿನಿಯಂ ಹೊರಬರತೊಡಗುತ್ತದೆ, ಬೇರಿನ ತುದಿಗೆ ಅದು ವಿಷ. ನನ್ನ ಶೇಂಗಾದ ಮೊಂಡು ಬೇರಿಗೆ ಕಾರಣ ಇದೇ. ಸುಣ್ಣ ಹುಳಿಯನ್ನು ಮುರಿದಾಗ ಅಲ್ಯೂಮಿನಿಯಂ ಮತ್ತೆ ಹೈಡ್ರಾಕ್ಸೈಡಾಗಿ ಕೂರುತ್ತದೆ. ಜೊತೆಗೆ ಕಾಯಿ ತುಂಬಲು ಬೇಕಾದ ಕ್ಯಾಲ್ಸಿಯಂ ಕೂಡ ಸಿಗುತ್ತದೆ.

ಗುಂಟೆಗೆ ಐದು ಕಿಲೋದಂತೆ, ಬಿತ್ತನೆಗೆ ಇಪ್ಪತ್ತು ದಿನ ಮೊದಲು ಹರವಿ ಉತ್ತೆ. ಆ ವರ್ಷ ಬೇರು ಇಳಿಯಿತು, ಕಾಯಿಯಲ್ಲಿ ಬೀಜ ತುಂಬಿತು.

ನನ್ನ ತಪ್ಪು

ಒಳ್ಳೆಯದಾಯ್ತಲ್ಲ ಅಂತ ಮರುವರ್ಷ, ಮನೆಗೆ ಬಳಿದು ಉಳಿದ ಎರಡು ಚೀಲ ಸುಣ್ಣ ಒಂದೇ ಮೂಲೆಗೆ ಸುರಿದೆ. ಆ ಮೂಲೆಯ ಶೇಂಗಾ ಎಳೆಯ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಸುಣ್ಣ ಹೆಚ್ಚಾಗಿ ಗಿಡಕ್ಕೆ ಬೇಕಾದ ಕಬ್ಬಿಣವೂ ಕರಗದೆ ಕೂತಿತ್ತು. ಕೆಂಪು ಮಣ್ಣಲ್ಲೇ ಗಿಡಕ್ಕೆ ಕಬ್ಬಿಣದ ಬರ! ಆ ಮೂಲೆಯ ಬೆಳೆ ಹೋಯಿತು.

ಆದ್ದರಿಂದ ರೈತ ಬಾಂಧವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅಳತೆ ನೋಡಿ ಸುಣ್ಣ ಹಾಕಿ. ಯೂರಿಯಾ ಜೊತೆ ಬೆರೆಸಬೇಡಿ, ಸಾರಜನಕ ಹಾರಿಹೋಗುತ್ತದೆ. ಸುಣ್ಣದ ಚೀಲದ ಬಾಯಿ ಕಟ್ಟಿಡಿ, ಗಾಳಿ ತಾಗಿದರೆ ಅದು ಮತ್ತೆ ಚಿಪ್ಪಿನ ಪುಡಿಯಂತೆ ಸಪ್ಪೆಯಾಗುತ್ತದೆ. ನಾನೀಗ ಎರಡು ವರ್ಷಕ್ಕೊಮ್ಮೆ ಮಣ್ಣು ತೋರಿಸಿಯೇ ಸುಣ್ಣದ ಚೀಲ ಬಿಚ್ಚುವುದು.