ಜೋಳದ ಕಾಳಿನಷ್ಟು ಹಳ್ಳು

ಮಾರ್ಚ್ ಕೊನೆಯ ವಾರ, ರಾತ್ರಿ ಎರಡು ಗಂಟೆ. ರಾಯಚೂರಿನ ಧಗೆ ತಾಳದೆ ಮಾಳಿಗೆ ಮೇಲೆ ಮಲಗಿದ್ದೆವು. ಎಡಪಕ್ಕೆಯ ಹಿಂದೆ ಕುಡುಗೋಲು ಹಾಕಿ ಎಳೆದಂತಾಗಿ ಎದ್ದು ಕೂತೆ. ಕೂತರೂ ಆಗದು, ಮಲಗಿದರೂ ಆಗದು. ಬಟ್ಟೆ ಒಣಹಾಕುವ ತಂತಿ ಹಿಡಿದು ಅತ್ತಿಂದಿತ್ತ ನಡೆದೆ. ನೋವು ತೊಡೆಸಂದಿಗೆ ಇಳಿಯಿತು, ವಾಂತಿಯಾಯಿತು. ನಡ ಹಿಡಿದಿರಬೇಕೆಂದು ಅತ್ತೆ ಎಣ್ಣೆ ಬಿಸಿ ಮಾಡಿ ತಂದರು. ಸ್ವಲ್ಪ ತಗ್ಗಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಎರಡು ಹೆರಿಗೆ ಕಂಡವಳು ನಾನು. ಇದು ಅವಕ್ಕಿಂತ ಹೆಚ್ಚು.

ಆಸ್ಪತ್ರೆಯಲ್ಲಿ ನೋವಿನ ಇಂಜೆಕ್ಷನ್ ಕೊಟ್ಟ ಮೇಲೆಯೇ ನನಗೆ ಮಾತು ಬಂದದ್ದು. ಬೆಳಿಗ್ಗೆ ಸ್ಕ್ಯಾನ್ ನೋಡಿ ಡಾಕ್ಟರ್ ಹೇಳಿದರು: "ಹಳ್ಳು ಆಗ್ಯಾದ್ರೀ ಟೀಚರ್. 4 ಮಿಲಿಮೀಟರ್."

ಇಷ್ಟು ಚಿಕ್ಕದಕ್ಕೆ ಅಷ್ಟು ನೋವೇಕೆ? ಕಿಡ್ನಿಯಲ್ಲಿ ಸುಮ್ಮನಿದ್ದ ಹಳ್ಳು, ಅಂದರೆ ಕಲ್ಲು, ಮೂತ್ರನಾಳಕ್ಕೆ ಇಳಿದು ದಾರಿ ಕಟ್ಟುತ್ತದೆ. ಆ ನಾಳದ ಅಗಲವೇ 3-4 ಮಿಲಿಮೀಟರ್. ಹಿಂದೆ ಮೂತ್ರ ತುಂಬಿ ಕಿಡ್ನಿ ಉಬ್ಬುತ್ತದೆ, ನಾಳ ಹಿಂಡಿಕೊಳ್ಳುತ್ತದೆ. ನೋವು ಅಲೆಅಲೆಯಾಗಿ ಬರುವುದು ಅದಕ್ಕೇ. 5 ಮಿಲಿಮೀಟರಿನ ಒಳಗಿದ್ದರೆ ಬಹುಪಾಲು ತಾನಾಗಿ ಹೋಗುತ್ತದೆ. ಆದರೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ಇರುವುದೇ ಒಂದು ಕಿಡ್ನಿಯಾದರೆ ಒಂದು ಗಂಟೆಯೂ ಕಾಯಬೇಡಿ. ನೋವಿನ ಗುಳಿಗೆಯನ್ನೂ ಕೇಳದೆ ನುಂಗಬೇಡಿ. ಕಿಡ್ನಿ ಸೋತವರಿಗೆ, ಹೊಟ್ಟೆಹುಣ್ಣಿದ್ದವರಿಗೆ ಅದೇ ಅಪಾಯ.

ಗುಳಿಗೆ ಬರೆಯುತ್ತ ಡಾಕ್ಟರ್ ಕೇಳಿದರು: "ಸಾಲ್ಯಾಗ ಇದ್ದಾಗ ಎಷ್ಟು ನೀರು ಕುಡೀತೀರಿ?"

ನಾನು ತಲೆ ತಗ್ಗಿಸಿದೆ. ನಮ್ಮ ಶಾಲೆಯ ಹೆಂಗಸರ ಶೌಚಾಲಯಕ್ಕೆ ಚಿಲಕವಿರಲಿಲ್ಲ, ನೀರೂ ಇರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆವರೆಗೆ ಊಟದ ಹೊತ್ತಿಗೆ ಎರಡು ಗುಟುಕು, ಅಷ್ಟೇ. ಹೊರಗೆ 40 ಡಿಗ್ರಿ ಬಿಸಿಲು. ಬೆವರಿಗೆ ನೀರು ಹೋಗಿ ಮೂತ್ರ ಗಟ್ಟಿಯಾದಾಗ ಅದರೊಳಗಿನ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟುತ್ತವೆ. ಹದಿನೈದು ವರ್ಷ ನಾನು ಜಾಣತನವೆಂದು ಮಾಡಿದ್ದು ಇದನ್ನೇ.

ಒಂಬತ್ತು ದಿನ ಹಳೆಯ ಚಹಾ ಜಾಲರಿ ಹಿಡಿದು ಮೂತ್ರ ಸೋಸಿದೆ. ಹತ್ತನೆಯ ಬೆಳಿಗ್ಗೆ ಜಾಲರಿಯಲ್ಲಿ ಟಕ್ ಎಂದಿತು. ಕಂದು ಬಣ್ಣ, ಜೋಳದ ಕಾಳಿನಷ್ಟು ಗಾತ್ರ, ಮೈತುಂಬ ಮುಳ್ಳು. ಪರೀಕ್ಷೆಗೆ ಕಳಿಸಿದೆ, ಕ್ಯಾಲ್ಸಿಯಂ ಆಕ್ಸಲೇಟ್, ಎಲ್ಲರಲ್ಲೂ ಹೆಚ್ಚಾಗಿ ಕಾಣುವುದು ಅದೇ. ಹಾಗೆಂದು ಹಾಲು, ಮೊಸರು ಬಿಡಬೇಕಿಲ್ಲ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಡುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿಯನ್ನು ಬೆರಳಲ್ಲಿ ಸವರುವಷ್ಟಕ್ಕೆ ಇಳಿಸಿದ್ದೇನೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುತ್ತೇನೆ, ನಿಂಬೆರಸ ಹಿಂಡಿ.

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ದಿನವೇ ಬಡಿಗನನ್ನು ಕರೆದುಕೊಂಡು ಹೋಗಿ ಚಿಲಕ ಹಾಕಿಸಿದೆ, ಡ್ರಮ್ಮು ಇಡಿಸಿದೆ. ಸಂಜೆ ತರಗತಿಯಲ್ಲಿ ಹುಡುಗಿಯರ ಬಾಟಲಿ ಎತ್ತಿ ನೋಡಿದೆ. ಬೆಳಿಗ್ಗೆ ತುಂಬಿಸಿ ತಂದ ನೀರು ಹಾಗೆಯೇ ಇತ್ತು. "ಯಾಕ್ರೇ ಕುಡಿದಿಲ್ಲ?" ಅಂದೆ. ಯಾರೂ ಮಾತಾಡಲಿಲ್ಲ. ಮುಂದಿನ ಬೆಂಚಿನವಳನ್ನು ಕರೆದೊಯ್ದು ಹೊಸ ಚಿಲಕ ಹಾಕಿ, ತೆಗೆದು ತೋರಿಸಿದೆ.