ದುಡಿದ ಕೈಯ ಬರಹ

ಬೆಂಚುಗಳು ಹದಿನೆಂಟು ಇಪ್ಪತ್ತರ ಹುಡುಗರ ಅಳತೆಗೆ ಮಾಡಿಸಿದವು. ಅವುಗಳಲ್ಲಿ ನಲವತ್ತು ದಾಟಿದವರು ಮೊಣಕಾಲು ಓರೆ ಮಾಡಿಕೊಂಡು ಕೂತಿದ್ದಾರೆ. ಮುಖಕ್ಕಿಂತ ಮೊದಲು ಕೈಗಳೇ ಕಣ್ಣಿಗೆ ಬೀಳುತ್ತವೆ. ಬೆಳಗಿನ ಅಡುಗೆಯ ಅರಿಸಿನ ಇನ್ನೂ ಅಂಟಿರುವ ಬೆರಳು, ಎಷ್ಟು ತಿಕ್ಕಿದರೂ ಗ್ರೀಸಿನ ಕಪ್ಪು ಬಿಡದ ಉಗುರು, ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾದ ಹೆಬ್ಬೆರಳು. ಎಲ್ಲ ಕೈಗಳಲ್ಲೂ ಒಂದೊಂದು ಪೆನ್ನು. ಉಪನ್ಯಾಸಕಿ ಪಾಠ ಶುರು ಮಾಡಿ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತುತ್ತಾರೆ: “ಮೇಡಂ, ಸ್ವಲ್ಪ ನಿಧಾನ. ಬರ್ಕೊಳ್ಳೋಕೆ ಆಗ್ತಿಲ್ಲ.”

ಮುಕ್ತ ವಿಶ್ವವಿದ್ಯಾನಿಲಯದ ಸಂಪರ್ಕ ತರಗತಿಗಳು ಹೀಗೇ ಇರುತ್ತವೆ. ಮೈಸೂರಿನಲ್ಲಿ ಕುವೆಂಪು ಹೆಸರಿಟ್ಟ ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಮುಕ್ತ ವಿಶ್ವವಿದ್ಯಾನಿಲಯದ ಆವರಣ ಮುಕ್ತಗಂಗೋತ್ರಿ ಇದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದಕ್ಕೂ ಮೊದಲೇ, 1985ರಲ್ಲಿ, ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತ್ತು. ಅಸೈನ್‌ಮೆಂಟುಗಳನ್ನು ಸ್ವಂತ ಕೈಬರಹದಲ್ಲೇ ಬರೆಯಬೇಕು, ಟೈಪ್ ಮಾಡಿದ್ದು ನಡೆಯುವುದಿಲ್ಲ ಎಂಬುದು ಅಲ್ಲಿನ ಸೂಚನೆ. ಪರೀಕ್ಷೆಯಂತೂ ಎಲ್ಲ ಕಡೆಯೂ ಪೆನ್ನಿನದೇ. ಸ್ಕೂಲು ಬಿಟ್ಟು ಹತ್ತಿಪ್ಪತ್ತು ವರ್ಷ ಕಳೆದು ಪದವಿಯ ಆಸೆ ಹೊತ್ತು ಬಂದವರಿಗೆ ಎದುರಾಗುವ ಮೊದಲ ಕಷ್ಟ ಪಠ್ಯದ್ದಲ್ಲ, ಕೈಯದು. ನೆನಪಿನಲ್ಲಿರುವುದು ಹಾಳೆಗೆ ಇಳಿಯುವುದಿಲ್ಲ.

ಮೊದಲ ಸಾಲಿನಲ್ಲಿ ಕೂತ ಅಂಗನವಾಡಿ ಕಾರ್ಯಕರ್ತೆಯ ನೋಟ್‌ಬುಕ್ ನೋಡಬೇಕು. ಮಕ್ಕಳ ಹಾಜರಿ, ತೂಕ, ಆಹಾರದ ದಾಸ್ತಾನು, ಗರ್ಭಿಣಿಯರ ವಿವರ ಎಂದು ವರ್ಷಗಟ್ಟಲೆ ರಿಜಿಸ್ಟರ್ ತುಂಬಿಸಿದ ಕೈ ಅದು. ಮೇಲ್ವಿಚಾರಕಿ ಬಂದು ನೋಡುವ ಪುಸ್ತಕಗಳಾದ್ದರಿಂದ ಒಂದಕ್ಷರವೂ ಹಾರಿಸುವಂತಿರಲಿಲ್ಲ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಮೊಬೈಲಿಗೆ ಬಂತು, ಆದರೆ ಅಷ್ಟರಲ್ಲಿ ಅಕ್ಷರ ಕೈಯಲ್ಲಿ ಕೂತುಬಿಟ್ಟಿತ್ತು. ದುಂಡಗೆ, ಸಮಕ್ಕೆ, ಗೆರೆ ಬಿಟ್ಟು ಕದಲದ ಬರಹ. ವೇಗ ಕಮ್ಮಿ, ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಉಳಿದುಹೋಗುವ ಭಯ ಅವರಿಗೆ. ತರಗತಿ ಮುಗಿಯುತ್ತಿದ್ದಂತೆ ಆ ನೋಟ್‌ಬುಕ್ಕಿನ ಸುತ್ತ ಗುಂಪು ಸೇರುತ್ತದೆ.

“ಅಕ್ಕಾ, ನಿಮ್ಮ ನೋಟ್ಸ್ ಕೊಡಿ. ಜೆರಾಕ್ಸ್ ಮಾಡಿಸ್ಕೊಂಡು ಈಗಲೇ ತಂದ್ಕೊಡ್ತೀವಿ.”

“ಹಾಳೆ ಕಿತ್ತೋಗದ ಹಾಗೆ ನೋಡ್ಕೊಳ್ರಪ್ಪ.”

ಗೇಟಿನಾಚೆಯ ಜೆರಾಕ್ಸ್ ಅಂಗಡಿಯಲ್ಲಿ ಅವರ ಬರಹ ಪ್ರತಿ ಪ್ರತಿಯಾಗಿ ಹೊರಬಂದು ಇಡೀ ತರಗತಿಯ ಪಠ್ಯವಾಗುತ್ತದೆ. ಆ ಗುಂಪಿನಲ್ಲಿ ಅವರಿಗಿರುವ ಗೌರವ ಯಾವ ರ‍್ಯಾಂಕಿಗೂ ಕಮ್ಮಿಯದಲ್ಲ.

ಅವರ ಹಿಂದೆ ಕೂತವರು ಪೊಲೀಸ್ ಕಾನ್‌ಸ್ಟೆಬಲ್. ಠಾಣೆಯ ದಿನಚರಿ, ಬೀಟ್ ಪುಸ್ತಕ, ಮಹಜರು ಬರೆದು ಬರೆದು ಅವರ ಕೈಗೆ ನಿಲ್ಲುವುದೇ ಗೊತ್ತಿಲ್ಲ. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವುದಿಲ್ಲ. ಜಾಗ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ಸೇರಿಸಿಯಾರು ಎಂಬ ಎಚ್ಚರ ಆ ಕೆಲಸದ್ದು. ಅಕ್ಷರ ಬಲಕ್ಕೆ ವಾಲಿಕೊಂಡು, ಒಂದರ ಬಾಲ ಇನ್ನೊಂದಕ್ಕೆ ತಾಗಿಕೊಂಡು ಸಾಲು ಓಡುತ್ತದೆ. ಹನ್ನೆರಡನೆಯ ಶತಮಾನದ ವಚನ ಚಳವಳಿಯ ಮೇಲಿನ ಪ್ರಬಂಧದಲ್ಲೂ “ಸದರಿ ವಚನಕಾರರು” ಎಂದೇ ಬರೆದಿದ್ದಾರೆ. ವಿಷಯ ಚೆನ್ನಾಗಿ ಓದಿಕೊಂಡಿದ್ದಾರೆ, ಅಕ್ಕಮಹಾದೇವಿಯ ಬಗ್ಗೆ ಬರೆದ ಪುಟದಲ್ಲಿ ಅವರದೇ ಆದ ಒಂದು ಒಳನೋಟವೂ ಇದೆ. ಆದರೆ ಅದನ್ನು ತಲುಪಬೇಕಾದರೆ ಓದುವವರು ಪ್ರತಿ ಸಾಲನ್ನೂ ಬಿಡಿಸಿಕೊಂಡು ಹೋಗಬೇಕು.

ಕಿಟಕಿಯ ಪಕ್ಕದಲ್ಲಿ ಸಾರಿಗೆ ಸಂಸ್ಥೆಯ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ನಿಂತು ವೇಬಿಲ್ ಬರೆದ ಕೈ ಅವರದು. ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಕೊಡುತ್ತಿದ್ದುದು ಕರ್ನಾಟಕದಲ್ಲಿ ಬಸ್ಸು ಹತ್ತಿದ ಎಲ್ಲರಿಗೂ ಗೊತ್ತು. ಇಳಿಯುವಾಗ ಜಗಳವಾಗಬಾರದು, ಆದ್ದರಿಂದ ಅಂಕಿ ಸ್ಪಷ್ಟವಾಗಿರಲೇಬೇಕು. ಅವರ 7, 1ರಂತೆ ಕಾಣುವುದಿಲ್ಲ. 3, 8 ಆಗುವುದಿಲ್ಲ. ಅಕ್ಷರಗಳು ಮಾತ್ರ ಬಸ್ಸಿನ ಕುಲುಕಾಟವನ್ನೆಲ್ಲ ಮೈಗೆ ಹತ್ತಿಸಿಕೊಂಡಿವೆ. ಊರಿನ ಹೆಸರುಗಳನ್ನು ಅರ್ಧಕ್ಕೇ ಬಿಟ್ಟು ಅಭ್ಯಾಸವಾಗಿ ಈಗ ಪದಗಳ ಕೊನೆಯೂ ಮಾಯವಾಗುತ್ತದೆ. ‘ಪ್ರಜಾಪ್ರಭುತ್ವ’ ಎಂಬ ಪದ ‘ಪ್ರಜಾಪ್ರ’ದ ಹತ್ತಿರ ಒಂದು ಗೆರೆಯಾಗಿ ಎಳೆದುಕೊಂಡು ಹೋಗಿದೆ.

ಇನ್ನೊಂದು ಬೆಂಚಿನ ಗೃಹಿಣಿಯೊಬ್ಬರು ಪಿಯುಸಿ ಆದಮೇಲೆ ಬರೆದದ್ದೆಂದರೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ದಿನಸಿಯ ಚೀಟಿ, ಬ್ಯಾಂಕಿನಲ್ಲಿ ಸಹಿ. ಸಹಿ ಸರಾಗ, ಮಿಕ್ಕಿದ್ದೆಲ್ಲ ತಡವರಿಕೆ. ಅಂಗಳದಲ್ಲಿ ಚುಕ್ಕಿ ಇಟ್ಟು ಎಷ್ಟು ದೊಡ್ಡ ರಂಗೋಲಿಯನ್ನಾದರೂ ಬಳುಕಿಸಿ ಎಳೆಯಬಲ್ಲ ಕೈ, ಪೆನ್ನು ಹಿಡಿದ ಕೂಡಲೇ ಬಿಗಿಯಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಅವರು ದಿನವಿಡೀ ಬರೆಯುತ್ತಾರೆ ನಿಜ, ಆದರೆ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ. ಜ್ಞ, ಕ್ಷ, ಋ, ಅರ್ಕಾವೊತ್ತು ಇವು ಬಾಯಿಗೆ ಬರುತ್ತವೆ, ಬೆರಳಿಗೆ ಬರುವುದಿಲ್ಲ.

ಕನ್ನಡದ ಬರಹ ಕೆಡುವ ಬಗೆಯೇ ಬೇರೆ. ಅಕ್ಷರದ ತಲೆಯ ಮೇಲೆ ತಲಕಟ್ಟು, ಗುಡಿಸು; ಕಾಲಿನ ಕೆಳಗೆ ಒತ್ತಕ್ಷರ; ಬಲಕ್ಕೆ ಕೊಂಬು, ದೀರ್ಘ, ಸೊನ್ನೆ. ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ. ‘ಮ’ ಮತ್ತು ‘ವು’ ನಡುವೆ ಇರುವುದು ಒಂದು ಸಣ್ಣ ತಿರುವು. ಅದು ತಪ್ಪಿದರೆ ‘ನಾವು’ ಎಂದು ಬರೆದದ್ದು ‘ನಾಮ’ವಾಗುತ್ತದೆ. ದ, ಬ, ಡಗಳ ಹೊಟ್ಟೆ ಸೀಳಿದರೆ ಮಹಾಪ್ರಾಣ ಎಂದು ಒಂದನೇ ಕ್ಲಾಸಿನಲ್ಲಿ ಕಲಿತದ್ದು ಎಲ್ಲರಿಗೂ ನೆನಪಿದೆ, ಆದರೆ ಅವಸರದಲ್ಲಿ ಸೀಳುವ ಆ ಪುಟ್ಟ ಗೆರೆಯೇ ಮೊದಲು ಬಿಟ್ಟುಹೋಗುವುದು. ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ‘ಧನ’ ‘ದನ’ವಾದರೆ ಬರೆದವರಿಗೆ ವಿಷಯ ಗೊತ್ತಿಲ್ಲ ಎಂದು ಓದುವವರು ತಿಳಿಯುವ ಅಪಾಯ ಉಂಟು. ಗೊತ್ತಿದೆ, ಗೆರೆ ಮೂಡಿಲ್ಲ, ಅಷ್ಟೆ.

ಇದರ ಜತೆಗೆ ವಯಸ್ಸಿನ ಪಾಡು. ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬರುತ್ತದೆ. ಕನ್ನಡಕ ಮಾಡಿಸುವುದನ್ನು ಮುಂದೂಡುತ್ತಾ ಬಂದವರು ಹಾಳೆಯನ್ನು ದೂರ ಸರಿಸಿ, ಕತ್ತು ಹಿಂದಕ್ಕೆ ಮಾಡಿ ಬರೆಯುತ್ತಾರೆ. ತಾನು ಬರೆದ ಒತ್ತು ತನಗೇ ಮಸುಕು. ಬಾಲ್‌ಪೆನ್ನನ್ನು ಒತ್ತಿ ಹಿಡಿದು ಬರೆದು ಒಂದು ಗಂಟೆಯಾಗುವಷ್ಟರಲ್ಲಿ ಹೆಬ್ಬೆರಳ ಬುಡ ನೋಯುತ್ತದೆ, ಮಣಿಕಟ್ಟು ಬಿಗಿಯುತ್ತದೆ. ಮೂರು ಗಂಟೆಯ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಇದೆಲ್ಲ ಕಾಣುತ್ತದೆ: ಮೊದಲ ಪುಟದಲ್ಲಿ ನಿಂತ ಅಕ್ಷರ, ನಡುವೆ ವಾಲಿದ ಅಕ್ಷರ, ಕೊನೆಗೆ ಮಲಗಿದ ಅಕ್ಷರ.

ಆ ಕೊನೆಯ ಪುಟಗಳು ಮೌಲ್ಯಮಾಪಕರ ಮೇಜಿಗೆ ಬರುತ್ತವೆ. ಬಂಡಲ್ ಬಿಚ್ಚಿದವರಿಗೆ ಬರೆದವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಕಸುಬು ಗೊತ್ತಿಲ್ಲ. ಆ ಮನುಷ್ಯನಿಂದ ಅವರಿಗೆ ಸಿಗುವುದು ಅಕ್ಷರ ಮಾತ್ರ. ಒಂದೇ ಉತ್ತರವನ್ನು ಚೆಂದವಾಗಿಯೂ ಕಾಗೆ ಕಾಲು ಗುಬ್ಬಿ ಕಾಲಿನಂತೆಯೂ ಬರೆಸಿ ಬೇರೆ ಬೇರೆಯವರ ಕೈಗೆ ಕೊಟ್ಟರೆ, ಚೆಂದದ್ದಕ್ಕೆ ಹೆಚ್ಚು ಅಂಕ ಬೀಳುತ್ತದೆ ಎಂದು ಶಿಕ್ಷಣದ ಸಂಶೋಧಕರು ಕಳೆದ ಶತಮಾನದ ಆರಂಭದ ದಶಕಗಳಿಂದಲೂ ತೋರಿಸುತ್ತಾ ಬಂದಿದ್ದಾರೆ. ಮೌಲ್ಯಮಾಪಕರು ಕೆಟ್ಟವರೆಂದಲ್ಲ. ದಿನವಿಡೀ ಓದಿ ಕಣ್ಣು ಸೋತಾಗ ಸಲೀಸಾಗಿ ಓದಿಸಿಕೊಳ್ಳುವ ಪುಟ ಮನಸ್ಸಿಗೆ ಹಿತವಾಗುತ್ತದೆ. ಆದರೆ ಆ ಹಿತ ಅಂಕವಾಗಿ ಇಳಿಯುವಾಗ ಅನ್ಯಾಯವಾಗುವುದು ಹೊರಗೆ ದುಡಿದು ಬಂದ ಕೈಗೆ. ಇದು ನನ್ನನ್ನು ನಿಜವಾಗಿಯೂ ನೋಯಿಸುವ ಸಂಗತಿ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಕೆಟ್ಟ ಅಕ್ಷರದ ನೋವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ವಕೀಲರ, ಯುವಕರ ಸೊಗಸಾದ ಬರಹ ಕಂಡು ತಮ್ಮ ಅಕ್ಷರದ ಬಗ್ಗೆ ನಾಚಿದರು. ಕೆಟ್ಟ ಬರಹವನ್ನು ಅರೆಬರೆ ಶಿಕ್ಷಣದ ಗುರುತೆಂದೇ ಎಣಿಸಿದರು. ತಿದ್ದಿಕೊಳ್ಳಲು ಹೊರಟಾಗ ಕಾಲ ಮೀರಿತ್ತೆಂದು ಬರೆದರು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಚಿತ್ರ ಕಲಿಸಬೇಕೆಂಬ ಅವರ ಮಾತು ಎಷ್ಟು ಸರಿ! ಆದರೆ ಕಾಲ ಮೀರಿತ್ತು ಎಂಬುದನ್ನು ಈ ತರಗತಿಗಳನ್ನು ನೋಡಿದ ಮೇಲೆ ನಾನು ಒಪ್ಪಲಾರೆ. ಅಕ್ಷರ ಮುತ್ತಾಗುವ ಕಾಲ ಮೀರಿರಬಹುದು, ಓದಿಸಿಕೊಳ್ಳುವ ಕಾಲ ಮೀರುವುದಿಲ್ಲ.

ಊಟದ ಬಿಡುವಿನಲ್ಲಿ ಉಪನ್ಯಾಸಕಿ ಕರಿಹಲಗೆಯ ಮುಂದೆ ನಿಂತಿದ್ದಾರೆ. ತಮಗಿಂತ ಹಿರಿಯರಾದ ಕಾನ್‌ಸ್ಟೆಬಲ್ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಸಂಕೋಚದಿಂದ ನಗುತ್ತಾರೆ.

“ನನ್ನ ಅಕ್ಷರ ನೋಡಿ ಬಯ್ಯಬೇಡಿ ಮೇಡಂ. ಇದು ತಿದ್ದೋ ವಯಸ್ಸಲ್ಲ.”

“ಅಕ್ಷರ ಬದಲಾಯಿಸೋದು ಬೇಡ ಸರ್. ಪದ ಮುಗಿದ ಮೇಲೆ ಒಂದಕ್ಷರದಷ್ಟು ಜಾಗ ಬಿಡಿ, ಸಾಕು. ಇಲ್ಲಿ ಯಾರೂ ನಡುವೆ ಏನೂ ಸೇರಿಸಲ್ಲ.”

ಅವರು ಅದೇ ಸಾಲನ್ನು ಮತ್ತೆ ಬರೆಯುತ್ತಾರೆ. ವಾಲಿಕೆ ಹಾಗೇ ಇದೆ, ಬಾಲಗಳೂ ಹಾಗೇ ಇವೆ. ಆದರೆ ಕೊನೆಯ ಬೆಂಚಿನವರು ಒಂದೇ ಉಸಿರಿಗೆ ಓದುತ್ತಾರೆ. ಕಂಡಕ್ಟರಿಗೆ ಉಪನ್ಯಾಸಕಿ ಹೇಳುವುದು ಬೇರೆ: ಪದದ ಕೊನೆಯ ಅಕ್ಷರ ಪೂರ್ತಿ ಮಾಡದೆ ಕೈ ಎತ್ತಬೇಡಿ. ಗೃಹಿಣಿಗೆ ಮತ್ತೂ ಬೇರೆ: ಒತ್ತು ಸಣ್ಣದಾಗಿರಲಿ, ತಪ್ಪಿದರೆ ಅದರ ಮೇಲೇ ತಿದ್ದಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಹೊಸದಾಗಿ ಬರೆಯಿರಿ. ಯಾವ ಪೆನ್ನು ಎಂದು ಯಾರೋ ಕೇಳುತ್ತಾರೆ. ಒತ್ತದೆ ಬರೆಯುವಂಥದ್ದು, ಹಿಡಿ ಸ್ವಲ್ಪ ದಪ್ಪ ಇರುವಂಥದ್ದು, ಪರೀಕ್ಷೆಗೆ ತಿಂಗಳು ಮೊದಲೇ ಕೈಗೆ ಪಳಗಿದ್ದು. ರಾತ್ರಿ ಮಲಗುವ ಮುನ್ನ ದಿನಕ್ಕೊಂದು ಪುಟ, ಗಡಿಯಾರ ನೋಡಿಕೊಂಡು. ಮಗಳ ಕಾಪಿ ಪುಸ್ತಕದ ಪಕ್ಕದಲ್ಲೇ ಕೂತು ಬರೆಯುತ್ತೇನೆ ಎಂದು ಆ ಗೃಹಿಣಿ ಹೇಳಿದಾಗ ಇಡೀ ಕೋಣೆ ಚಪ್ಪಾಳೆ ತಟ್ಟುತ್ತದೆ.

ಇಷ್ಟು ಪಾಠಕ್ಕೆ ಹಿಡಿದದ್ದು ಬಿಡುವಿನ ಸ್ವಲ್ಪ ಹೊತ್ತು. ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಇರಬೇಕು. ವಯಸ್ಕರಿಗೆ ಪದವಿ ಕೊಡಲು ಹೊರಟ ಎಲ್ಲ ಸಂಸ್ಥೆಗಳೂ ಸಂಪರ್ಕ ತರಗತಿಯ ಮೊದಲ ದಿನ ಒಂದು ಗಂಟೆಯನ್ನು ಕೈಗೆ ಮೀಸಲಿಡಬೇಕು. ಕನ್ನಡದಲ್ಲಿ ಬರೆಯುವವರಿಗೆ ಕೊಡುವ ಉತ್ತರ ಪತ್ರಿಕೆಯ ಗೆರೆಗಳು ಸ್ವಲ್ಪ ಅಗಲವಾಗಿರಲಿ, ಒತ್ತಕ್ಷರಕ್ಕೆ ಕಾಲು ಚಾಚುವಷ್ಟು ಎಡೆ ಸಿಗಲಿ. ಪುಟ ಹೆಚ್ಚಾದರೆ ಆಗಲಿ. ಕೈ ನಡುಗುವವರಿಗೆ, ಗಂಟುನೋವಿನವರಿಗೆ ನಿಯಮದಲ್ಲಿ ಇರುವ ಅನುಕೂಲಗಳನ್ನು ಅವರು ಕೇಳುವ ಮೊದಲೇ ತಿಳಿಸಿ ಹೇಳಲಿ.

ಅಸೈನ್‌ಮೆಂಟ್ ಒಪ್ಪಿಸುವ ಕೊನೆಯ ದಿನ. ಕೌಂಟರಿನ ಮುಂದೆ ಸಾಲು ಕಾಂಪೌಂಡಿನವರೆಗೆ ಬೆಳೆದಿದೆ. ಒಳಗಿನ ಗುಮಾಸ್ತರು ಕಂತೆ ತಿರುವಿ ನೋಡಿ ಕೆಲವನ್ನು ವಾಪಸ್ ಕೊಡುತ್ತಿದ್ದಾರೆ: “ನೋಂದಣಿ ಸಂಖ್ಯೆ ಸರಿಯಾಗಿ ಕಾಣ್ತಿಲ್ಲ. ಬೇರೆ ಹಾಳೆಗೆ ಬರ್ಕೊಂಡು ಬನ್ನಿ.” ವಾಪಸ್ ಬಂದವರು ಗೋಡೆಯ ಬದಿಗೆ ಹೋಗುತ್ತಾರೆ. ಅಲ್ಲಿ ಕಂಡಕ್ಟರ್ ನಿಂತಿದ್ದಾರೆ. ಸಂಖ್ಯೆಯನ್ನು ಒಮ್ಮೆ ಹೇಳಿಸಿಕೊಂಡು, ಗೋಡೆಗೆ ಹಾಳೆ ಆನಿಸಿ, ನಿಂತಲ್ಲೇ ಬರೆದು ಕೊಡುತ್ತಾರೆ. ಪಕ್ಕದಲ್ಲಿ ಅಂಗನವಾಡಿಯ ಅಕ್ಕ ಹೆಸರು, ವಿಷಯ, ವರ್ಷ ತುಂಬಿಸುತ್ತಾರೆ. ಮೊದಲ ಪುಟಕ್ಕೆ ಮಾತ್ರ ಈ ನೆರವು. ಒಳಗಿನ ಪುಟಗಳು ಅವರವರವೇ.

“ಮುಂದೆ ಬನ್ನಿ, ಯಾರಿದೀರಾ? ನಂಬರ್ ಹೇಳಿ, ನಂಬರ್.”