ಗುಡುಗುಡಿಗೆ ಗಿಟಾರ್ ಸಾಥ್

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಸಂತ ಕವಿ ಶರೀಫರ ತತ್ವಪದ 2008ರಲ್ಲಿ ರಾಕ್ ಆಲ್ಬಂ ಸೇರಿತು. ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡ ತನ್ನ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಪದಗಳನ್ನು ಸೇರಿಸಿತ್ತು. 2013ರಲ್ಲಿ ಬಂದ ಅದೇ ತಂಡದ ‘ಜಗ್ ಚಂಗಾ’ ಆಲ್ಬಂನಲ್ಲಿ ಶರೀಫರ ‘ಲೋಕದ ಕಾಳಜಿ’ ಇದೆ.

ಹಾವೇರಿ ಜಿಲ್ಲೆಯ ರಾಣೇಬೆನ್ನೂರು, ಬ್ಯಾಡಗಿ ಕಡೆಯ ಕಿವಿಗೆ ಈ ಪದಗಳ ಹಾರ್ಮೋನಿಯಂ, ತಬಲಾ, ತಾಳದ ಭಜನೆ ಪರಿಚಿತ. ಇವನ್ನು ಹಾಡಿದ ಗಾಯಕ ಸಿ. ಅಶ್ವತ್ಥರ ದನಿಯಂತೂ ಮನೆಮನೆಯಲ್ಲಿದೆ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. ಹಾಗಾಗಿ ಡ್ರಮ್ಸ್, ಬೇಸ್ ಗಿಟಾರ್ ಮೊದಲಿಗೆ ಅಬ್ಬರವೆನ್ನಿಸಬಹುದು.

ಗುಡುಗುಡಿಯ, ಅಂದರೆ ಹುಕ್ಕಾದ, ಪದವನ್ನೇ ನೋಡಿ. ಮನಸ್ಸು ಅಲ್ಲಿ ಸಂಚಿ, ಮೋಹವೇ ಗಾಂಜಾ, ಬುದ್ಧಿ ಕೆಂಡ. ಸೇದುವ ಚಟದ ಮಾತಿನಲ್ಲೇ ಒಡಲೊಳಗಿನ ರೋಗ ಕಳೆಯುವ ಉಪಾಯ ಹೇಳುತ್ತಾರೆ ಶರೀಫರು. ಪಲ್ಲವಿ ಮತ್ತೆ ಮತ್ತೆ ಬರುವ ಇಂಥ ಪದಕ್ಕೆ ಗುಂಪಿನ ದನಿ ಬೇಕೇ ಬೇಕು. ಭಜನಾ ಮೇಳದಲ್ಲಿ ಅದು ಸೊಲ್ಲು ಹಿಡಿಯುವವರದು, ರಾಕ್ ಕಛೇರಿಯಲ್ಲಿ ಕೇಳುಗರದು.

ಹೊಸ ಆಲ್ಬಂ ಯಾವುದೇ ಬರಲಿ, ಒಂದೇ ಸಲ ಕೇಳಿ ತೀರ್ಪು ಕೊಡಬೇಡಿ. ಒಮ್ಮೆ ಸಾಹಿತ್ಯಕ್ಕೆ, ಇನ್ನೊಮ್ಮೆ ತಾಳಕ್ಕೆ ಕಿವಿಗೊಡಿ. ಶರೀಫರ ಪದ ಗಿಟಾರಿನ ಜೊತೆಗೂ ಗಟ್ಟಿಯಾಗಿಯೇ ನಿಂತಿದೆ.